ನಿದ್ದಿ ಗುಳಿಗಿ ಬಿಡೂದು ಹೆಂಗ?

ತಡವಳದಾಗಿರಲಿ, ಅಕ್ಕಲಕೋಟದಾಗಿರಲಿ, ನಿದ್ದಿಗಂತ, ಗಾಬರಿಗಂತ ದಿನಾ ಅಲ್ಪ್ರಾಜೋಲಾಮ್, ಕ್ಲೋನಾಜೆಪಾಮ್ ನುಂಗವ್ರು ಒಂದ್ ಮಾತು ಕೇಳ್ರಿ: ಒಮ್ಮೆಲೇ ಬಿಡಬ್ಯಾಡ್ರಿ.

ತಿಂಗಳಗಟ್ಟಲೆ ತಗೊಂಡ್ರ ಮಿದುಳು ಈ ಗುಳಿಗಿಗೆ ಒಗ್ಗಿರತೈತಿ. ಥಟ್ಟನೆ ನಿಲ್ಲಿಸಿದ್ರ ಕೈನಡುಕ, ಬೆವರು, ನಿದ್ದಿಗೇಡು. ಕೆಲವ್ರಿಗೆ ಫಿಟ್ಸ್ ಬಂದು ಜೀವಕ್ಕೇ ಕುತ್ತು.

ಅದಕ್ಕ ಮೆಟ್ಟಿಲು ಮೆಟ್ಟಿಲಾಗಿ ಇಳಿಸೂದು. ಅಮೆರಿಕದ 2025ರ ಮಾರ್ಗಸೂಚಿ ಹೇಳೂದು ಇಷ್ಟು: ಎರಡರಿಂದ ನಾಲ್ಕು ವಾರಕ್ಕೊಮ್ಮೆ ಡೋಸು ಶೇಕಡಾ 5ರಿಂದ 10ರಷ್ಟು ಇಳಿಸಿ ನೋಡ್ರಿ. ತ್ರಾಸ ಆತಂದ್ರ ಡಾಕ್ಟರಿಗೆ ಹೇಳ್ರಿ, ಅವ್ರು ಅಲ್ಲೇ ತಡೀತಾರ. ವರ್ಷ ಹಿಡದ್ರೂ ಹಿಡೀಲಿ, ಅವಸರ ಏನೈತಿ? ಒಂದಿನ ತಗೊಂಡು ಒಂದಿನ ಬಿಡೂ ಆಟ ಮಾತ್ರ ಬ್ಯಾಡ. ಸೆರೆ ಅಂತೂ ಬ್ಯಾಡೇ ಬ್ಯಾಡ.

ಎಷ್ಟು ಇಳಿಸಬೇಕು ಅನ್ನೂದು ಮೆಡಿಕಲ್ ಅಂಗಡ್ಯಾಗ ಕೇಳೂ ಮಾತಲ್ಲ. ಅಲ್ಪ್ರಾಜೋಲಾಮ್ ಎಚ್1 ಪಟ್ಟಿಯೊಳಗೈತಿ. ಚೀಟಿ ಇಲ್ದ ಮಾರಂಗಿಲ್ಲ, ಮಾರಿದ್ದು ರಜಿಸ್ಟರದಾಗ ಬರೀಬೇಕು.

ಸೊಲ್ಲಾಪುರದ ಸಿವಿಲ್ ಆಸ್ಪತ್ರಿಗೆ ಹೋಗೂದಾದ್ರ ಹಳೇ ಚೀಟಿ, ಗುಳಿಗಿ ಪಾಕೀಟು ಎಲ್ಲಾ ಒಯ್ರಿ. ಮನೀಂದನ ಮಾತಾಡಬೇಕಂದ್ರ ಟೆಲಿ ಮಾನಸ್ 14416. ಪುಕ್ಕಟ, ಹಗಲೂ ರಾತ್ರಿನೂ, ಕನ್ನಡದಾಗೂ ಐತಿ. ಫಿಟ್ಸ್ ಬಂದ್ರ ಮಾತ್ರ ತಡಾ ಮಾಡಬ್ಯಾಡ್ರಿ, ಸೀದಾ 108ಕ್ಕ ಫೋನ್ ಹಚ್ರಿ.