ಎಂಟರಲ್ಲಿ ಒಂದು ತಪ್ಪಿದಾಗ

ಸಮತಟ್ಟು ರಸ್ತೆಯಲ್ಲಿ ನೆಟ್ಟಗೆ ಓಡುತ್ತಿದ್ದ ಪಿಕಪ್ ಟ್ರಕ್ ಏರು ಬಂದ ಕೂಡಲೇ ದಡಬಡ ಅನ್ನತೊಡಗುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಜರ್ಕ್ ಜಾಸ್ತಿ. ಕಾಲು ತೆಗೆದರೆ ಮತ್ತೆ ಸರಾಗ. ನಿನ್ನೆ ಸಂಜೆಯವರೆಗೂ ಚೆನ್ನಾಗಿತ್ತು, ರಾತ್ರಿ ಮಳೆ ಹೊಡೆಯಿತು, ಬೆಳಿಗ್ಗೆ ಹೀಗೆ. ಅಮೆರಿಕದಲ್ಲಿ ಇಪ್ಪತ್ತು ವರ್ಷ ದಾಟಿದ ಪಿಕಪ್ ಇಟ್ಟುಕೊಂಡವರಿಗೆ ಇದು ಪರಿಚಿತ ಕಾಯಿಲೆ. ನಮ್ಮ ಗ್ಯಾರೇಜುಗಳಲ್ಲಾದರೆ ‘ಗಾಡಿ ಮಿಸ್ಸಿಂಗ್ ಹೊಡೀತಿದೆ’ ಅನ್ನುತ್ತಾರೆ.

ಮಾತು ಸ್ಪಷ್ಟವಾಗಲೆಂದು ಒಂದು ಗಾಡಿಯನ್ನೇ ಎದುರಿಗಿಟ್ಟುಕೊಳ್ಳೋಣ: 2001ರ ಫೋರ್ಡ್ ಎಫ್-150, 5.4 ಲೀಟರಿನ ವಿ8 ಪೆಟ್ರೋಲ್ ಎಂಜಿನ್. ಎಫ್ ಸರಣಿ 1977ರಿಂದಲೂ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಪಿಕಪ್. ಹಳೆಯ ಗಾಡಿಗಳಲ್ಲಿ ಮಿಸ್ಸಿಂಗ್ ಹೇಗೆ ಶುರುವಾಗುತ್ತದೆ, ಹೇಗೆ ಬಚ್ಚಿಟ್ಟುಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಈ ಎಂಜಿನ್‌ನ ಎಂಟು ಸಿಲಿಂಡರ್‌ಗಳು 1-3-7-2-6-5-4-8 ಎಂಬ ಸರದಿಯಲ್ಲಿ ಉರಿಯುತ್ತವೆ. ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ಮುಗಿಸುವಷ್ಟರಲ್ಲಿ ಎಂಟಕ್ಕೂ ಒಂದೊಂದು ಸರದಿ ಆಗಿರಬೇಕು. ಅಂದರೆ ಪ್ರತಿ 90 ಡಿಗ್ರಿಗೆ ಒಂದು ತಳ್ಳು. ನಿಂತಲ್ಲೇ ನಿಮಿಷಕ್ಕೆ 600 ಸುತ್ತು ತಿರುಗುವಾಗಲೂ ಸೆಕೆಂಡಿಗೆ ನಲವತ್ತು ಸಲ ಪೆಟ್ರೋಲ್ ಹೊತ್ತಿಕೊಳ್ಳುತ್ತಿರುತ್ತದೆ. ಸರದಿಯಲ್ಲಿ ಒನಕೆ ಹಾಕುವವರಲ್ಲಿ ಒಬ್ಬರು ಏಟು ತಪ್ಪಿದರೆ ಪಕ್ಕದ ಮನೆಗೂ ಗೊತ್ತಾಗುವಂತೆ, ನಲವತ್ತರಲ್ಲಿ ಐದು ತಪ್ಪಿದರೂ ಸೀಟಿನಲ್ಲಿ ಕೂತವರಿಗೆ ಗೊತ್ತಾಗುತ್ತದೆ.

ಕಂಪ್ಯೂಟರಿಗೆ ಗೊತ್ತಾಗುವ ಬಗೆ ಇನ್ನೂ ಸೊಗಸಾದದ್ದು. ಸಿಲಿಂಡರಿನೊಳಗೆ ಬೆಂಕಿ ಹೊತ್ತಿತೋ ಇಲ್ಲವೋ ಎಂದು ನೋಡುವ ಕಣ್ಣು ಈ ಎಂಜಿನ್‌ನಲ್ಲಿ ಎಲ್ಲಿಯೂ ಇಲ್ಲ. ಇರುವುದು ಕ್ರ್ಯಾಂಕ್ ಶಾಫ್ಟಿನ ಮುಂತುದಿಯಲ್ಲಿ ಒಂದು ಹಲ್ಲಿನ ಚಕ್ರ, ಅದರ ಎದುರು ಒಂದು ಸೆನ್ಸರ್. ಹತ್ತು ಡಿಗ್ರಿಗೊಂದರಂತೆ 36 ಹಲ್ಲು ಇರಬೇಕಾದ ಕಡೆ ಬೇಕೆಂದೇ ಒಂದನ್ನು ಬಿಟ್ಟು 35 ಕೊರೆದಿದ್ದಾರೆ. ಆ ಖಾಲಿ ಜಾಗ ಶಾಫ್ಟ್ ಎಲ್ಲಿದೆ ಎಂಬುದರ ಗುರುತು. ನಿಮಿಷಕ್ಕೆ 2000 ಸುತ್ತಿನಲ್ಲಿ ಶಾಫ್ಟ್ 90 ಡಿಗ್ರಿ ತಿರುಗಲು ಏಳೂವರೆ ಮಿಲಿಸೆಕೆಂಡ್ ಸಾಕು. ಒಂದು ಸಿಲಿಂಡರ್ ಉರಿಯದೆ ಹೋದರೆ ಆ ಕಾಲು ಸುತ್ತಿಗೆ ಕೂದಲೆಳೆಯಷ್ಟು ಹೆಚ್ಚು ಹೊತ್ತು ಹಿಡಿಯುತ್ತದೆ. ಹಲ್ಲುಗಳ ನಡುವಿನ ಸಮಯ ಅಳೆದು, ‘ಈಗ ತಳ್ಳಬೇಕಾಗಿದ್ದವನು ನಾಲ್ಕನೆಯವನು, ತಳ್ಳಲಿಲ್ಲ’ ಎಂದು ಕಂಪ್ಯೂಟರ್ ಲೆಕ್ಕ ಬರೆದಿಡುತ್ತದೆ. 1996ರ ಮಾದರಿಯಿಂದ ಅಮೆರಿಕದಲ್ಲಿ ಮಾರುವ ಕಾರು, ಪಿಕಪ್‌ಗಳಿಗೆಲ್ಲ ಈ ಸ್ವಯಂತಪಾಸಣೆ ಕಡ್ಡಾಯ. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಅಗ್ಗದ ಸ್ಕ್ಯಾನರ್ ಸಿಕ್ಕಿಸಿದರೂ ಪಿ0304 ಎಂಬ ಕೋಡ್ ಓದಬಹುದು. ಕೊನೆಯ ಅಂಕಿಯೇ ಸಿಲಿಂಡರಿನ ನಂಬರು. ಪಿ0300 ಬಂದರೆ ತಪ್ಪುತ್ತಿರುವುದು ಒಂದೇ ಸಿಲಿಂಡರಲ್ಲ.

ಎಲ್ಲ ಹಲ್ಲಿನ ಚಕ್ರಗಳೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇರುವುದಿಲ್ಲ. ಹಲ್ಲುಗಳಲ್ಲಿ ಸಣ್ಣ ಏರುಪೇರು ಇದ್ದೇ ಇರುತ್ತದೆ. ಗಾಡಿ ಆಕ್ಸಿಲರೇಟರ್ ಇಲ್ಲದೆ ತನ್ನ ಓಘದಲ್ಲೇ ನಿಧಾನವಾಗುತ್ತಿರುವಾಗ ಕಂಪ್ಯೂಟರ್ ಆ ಏರುಪೇರನ್ನು ಕಲಿತು ನೆನಪಿಟ್ಟುಕೊಳ್ಳುತ್ತದೆ. ಡ್ಯಾಶ್‌ಬೋರ್ಡಿನ ‘ಚೆಕ್ ಎಂಜಿನ್’ ದೀಪ ಆರಲಿ ಎಂದು ಬ್ಯಾಟರಿ ವೈರ್ ಬಿಚ್ಚಿ ಹಾಕುವವರು ಆ ನೆನಪನ್ನೂ ಅಳಿಸಿಬಿಡುತ್ತಾರೆ. ಮತ್ತೆ ಕಲಿಯುವವರೆಗೆ ಮಿಸ್ಸಿಂಗ್ ಲೆಕ್ಕ ನಿಂತಿರುತ್ತದೆ. ದೀಪ ಆರಿದ್ದು ಕಾಯಿಲೆ ವಾಸಿಯಾದ್ದರಿಂದಲ್ಲ. ಬ್ಯಾಟರಿಗೆ ಕೈ ಹಾಕುವ ಮೊದಲು ಕೋಡ್ ಬರೆದಿಟ್ಟುಕೊಳ್ಳಿ ಎಂದು ನಾನು ಎಲ್ಲರಿಗೂ ಒತ್ತಿ ಹೇಳುವುದು ಇದಕ್ಕೇ.

ದೀಪ ಸುಮ್ಮನೆ ಹೊತ್ತಿ ನಿಂತಿದ್ದರೆ ಮನೆ ಸೇರುವಷ್ಟು ಸಮಯವಿದೆ. ಮಿಣುಕುತ್ತಿದ್ದರೆ ಇಲ್ಲ. ಉರಿಯದ ಪೆಟ್ರೋಲ್ ಮತ್ತು ಗಾಳಿ ಹಾಗೇ ಸೈಲೆನ್ಸರ್ ದಾರಿ ಹಿಡಿದು ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಹೊತ್ತಿಕೊಳ್ಳುತ್ತವೆ. ಅದರೊಳಗಿನ ಪಿಂಗಾಣಿ ಜೇನುಗೂಡು ಕೆಂಪಗೆ ಕಾಯ್ದು ಕರಗಿ ದಾರಿಯೇ ಮುಚ್ಚಿಹೋಗಬಹುದು. ಕಿಡಿ ಹುಟ್ಟಿಸುವ ಕಾಯಿಲ್ ಒಂದರ ಖರ್ಚಿನಲ್ಲಿ ಮುಗಿಯಬೇಕಿದ್ದ ಕೆಲಸ ಕನ್ವರ್ಟರ್ ಬದಲಿಸುವವರೆಗೆ ಬೆಳೆಯುವುದು ಹೀಗೆ.

ಇನ್ನೊಂದು ಮೋಸವೂ ಇದೆ. ಉರಿಯದ ಸಿಲಿಂಡರಿನ ಆಮ್ಲಜನಕ ಖರ್ಚಾಗದೆ ಹಾಗೇ ಹೊರಬರುತ್ತದಲ್ಲ, ಅದನ್ನು ಕಂಡ ಆಕ್ಸಿಜನ್ ಸೆನ್ಸರ್ ‘ಪೆಟ್ರೋಲ್ ಸಾಲದು’ ಎಂದು ವರದಿ ಮಾಡುತ್ತದೆ. ಕಂಪ್ಯೂಟರ್ ಅದನ್ನು ನಂಬಿ ಉಳಿದ ಸಿಲಿಂಡರ್‌ಗಳಿಗೂ ಪೆಟ್ರೋಲ್ ಹೆಚ್ಚಿಸುತ್ತದೆ. ಪೆಟ್ರೋಲ್ ಕೊರತೆಯ ಕೋಡ್ ನೋಡಿ ಸೆನ್ಸರನ್ನೋ ಪಂಪನ್ನೋ ಬದಲಿಸಿದವರ ಗಾಡಿ ಅದೇ ಜಾಗದಲ್ಲಿ ಅದೇ ರೀತಿ ಜರ್ಕ್ ಹೊಡೆಯುತ್ತಿರುತ್ತದೆ.

ಸಿಲಿಂಡರ್ ಉರಿಯಲು ಗಾಳಿ, ಪೆಟ್ರೋಲ್, ಕಿಡಿ, ಒತ್ತಡ ನಾಲ್ಕೂ ಬೇಕು. ಯಾವುದು ಕೈಕೊಟ್ಟಿತು ಎಂದು ತಿಳಿಯಲು ಮೊದಲು ಕೇಳಬೇಕಾದ್ದು: ಯಾವಾಗ ತಪ್ಪುತ್ತದೆ? ನಿಂತಾಗ ನಡುಗಿ, ವೇಗ ಹಿಡಿದ ಮೇಲೆ ಸರಿಹೋದರೆ ಎಲ್ಲೋ ಒಡೆದ ಪೈಪಿನಿಂದ ಅಳತೆಗೆ ಸಿಗದ ಗಾಳಿ ಒಳನುಗ್ಗುತ್ತಿದೆ. ಎಂಜಿನ್ ಹೆಚ್ಚು ಗಾಳಿ ಎಳೆಯುವಾಗ ಆ ಸೋರಿಕೆಯ ಪಾಲು ಲೆಕ್ಕಕ್ಕೇ ಬರುವುದಿಲ್ಲ. ಪೂರ್ತಿ ಒತ್ತಿದಾಗ ಎಲ್ಲ ಸಿಲಿಂಡರ್‌ಗಳೂ ಒಟ್ಟಿಗೆ ಸೊರಗಿದರೆ ಪೆಟ್ರೋಲ್ ಪಂಪು, ಫಿಲ್ಟರ್ ನೋಡಬೇಕು. ನಮ್ಮ ಗಾಡಿಯ ಹಾಗೆ ಏರಿನಲ್ಲಿ ಒಂದೇ ಸಿಲಿಂಡರ್ ತಪ್ಪಿದರೆ, ಅದೂ ಒಂದೇ ರಾತ್ರಿಯಲ್ಲಿ ಶುರುವಾದರೆ, ನನ್ನ ಅನುಮಾನ ಮೊದಲು ಹೋಗುವುದು ಕಿಡಿಯ ಕಡೆಗೆ.

ಏರಿನಲ್ಲೇ ಯಾಕೆ? ಕಿಡಿ ಹಾರುವ ಸ್ಪಾರ್ಕ್ ಪ್ಲಗ್ಗಿನ ತುದಿಯ ಸಂದು ಸುಮಾರು 1.3 ಮಿಲಿಮೀಟರ್. ಅದನ್ನು ದಾಟಲು ಕಾಯಿಲ್ 12 ವೋಲ್ಟನ್ನು ಹತ್ತಾರು ಸಾವಿರ ವೋಲ್ಟಿಗೆ ಏರಿಸುತ್ತದೆ. ಭಾರ ಎಳೆಯುವಾಗ ಸಿಲಿಂಡರಿಗೆ ಹೆಚ್ಚು ಗಾಳಿ ತುಂಬುತ್ತದೆ, ಒತ್ತಡ ಏರುತ್ತದೆ. ಸಂದಿನಲ್ಲಿ ಅಣುಗಳು ಒತ್ತೊತ್ತಾದಷ್ಟೂ ಎಲೆಕ್ಟ್ರಾನ್‌ಗಳು ವೇಗ ಪಡೆಯುವ ಮೊದಲೇ ಡಿಕ್ಕಿ ಹೊಡೆದು ಸೋಲುತ್ತವೆ. ಕಿಡಿ ಹಾರಲು ಇನ್ನೂ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಆ ಹೊತ್ತಿಗೆ ವಿದ್ಯುತ್ತಿಗೆ ಬೇರೆಲ್ಲಾದರೂ ಸುಲಭದ ದಾರಿ ಸಿಕ್ಕರೆ ಅದು ಅತ್ತಲೇ ಹೊರಟುಹೋಗುತ್ತದೆ.

ಅಂಥ ದಾರಿ ಈ ಎಂಜಿನ್‌ನಲ್ಲಿ ಸಿದ್ಧವಾಗಿಯೇ ಇದೆ. ಇಲ್ಲಿ ಪ್ರತಿ ಪ್ಲಗ್ಗಿನ ತಲೆಯ ಮೇಲೂ ಅದರದೇ ಕಾಯಿಲ್ ಕೂತಿದೆ. ಪ್ಲಗ್ ಇರುವುದು ಬಾವಿಯಂಥ ಆಳದ ತೂತಿನ ತಳದಲ್ಲಿ. ಏಳು ಮಿಲಿಮೀಟರ್ ತಲೆಯ ಒಂದೇ ಬೋಲ್ಟ್ ಬಿಚ್ಚಿ ಕಾಯಿಲನ್ನು ತಿರುಚಿ ಮೇಲಕ್ಕೆಳೆದರೆ ಅದರ ಉದ್ದನೆಯ ರಬ್ಬರ್ ಬೂಟು ಹೊರಬರುತ್ತದೆ. ಅದನ್ನು ಬೆಳಕಿಗೆ ಹಿಡಿದು ನೋಡಬೇಕು. ಆರೋಗ್ಯವಾಗಿದ್ದರೆ ನುಣುಪು, ಮೆತ್ತಗೆ. ಕೆಟ್ಟಿದ್ದರೆ ಕೂದಲಿನಂಥ ಬಿರುಕು, ಅದರುದ್ದಕ್ಕೂ ಪೆನ್ಸಿಲಿನಿಂದ ಗೀಚಿದಂಥ ಸಣ್ಣ ಕಪ್ಪು ಗೆರೆ. ಕಿಡಿ ಪ್ಲಗ್ಗಿಗೆ ಹೋಗದೆ ಬಾವಿಯ ಗೋಡೆಗೆ ಹಾರಿ ಸುಟ್ಟ ಗುರುತು ಅದು. ಸುಟ್ಟ ಗೆರೆ ಇಂಗಾಲ, ಇಂಗಾಲ ವಿದ್ಯುತ್ತನ್ನು ಒಯ್ಯುತ್ತದೆ. ಒಮ್ಮೆ ದಾರಿ ತಪ್ಪಿದ ಕಿಡಿ ಮುಂದಿನ ಸಲಕ್ಕೂ ದಾರಿ ಹಾಕಿಟ್ಟಿರುತ್ತದೆ. ಬಾವಿಗೆ ನೀರಿಳಿದರಂತೂ ಕೇಳುವುದೇ ಬೇಡ.

ಆದರೂ ಗೆರೆ ಕಂಡ ಮಾತ್ರಕ್ಕೆ ಅಂಗಡಿಗೆ ಓಡಬಾರದು. ನಾಲ್ಕನೆಯ ಕಾಯಿಲನ್ನು ಎರಡನೆಯದರ ಜಾಗಕ್ಕೆ, ಎರಡನೆಯದನ್ನು ನಾಲ್ಕಕ್ಕೆ ಹಾಕಿ. ಪ್ಲಗ್ ಮುಟ್ಟಬೇಡಿ, ಬೇರೇನನ್ನೂ ಬದಲಿಸಬೇಡಿ. ಅದೇ ಏರು ಹತ್ತಿಸಿ. ಕೋಡ್ ಪಿ0302ಕ್ಕೆ ಜಿಗಿದರೆ ತಪ್ಪಿತಸ್ಥ ಕಾಯಿಲೇ. ಪಿ0304ರಲ್ಲೇ ನಿಂತರೆ ಕಾಯಿಲ್ ನಿರಪರಾಧಿ. ಪ್ಲಗ್ಗನ್ನೂ ಹಾಗೇ ಅದಲುಬದಲು ಮಾಡಿ ನೋಡಬೇಕು. ನಮ್ಮ ಹಳೆಯ ಲಾರಿ ಮೆಕ್ಯಾನಿಕ್ಕುಗಳು ಡೀಸೆಲ್ ಎಂಜಿನ್‌ನಲ್ಲಿ ಇಂಜೆಕ್ಟರ್ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸಿ ಸದ್ದು ಕೇಳುವುದು ಇದೇ ತರ್ಕದಿಂದ. ಸಡಿಲಿಸಿದರೂ ಸದ್ದು ಬದಲಾಗದ ಸಿಲಿಂಡರ್ ಮೊದಲೇ ದುಡಿಯುತ್ತಿರಲಿಲ್ಲ. ಪೆಟ್ರೋಲ್ ಗಾಡಿಯಲ್ಲಿ ಆ ಪರೀಕ್ಷೆ ಬೇಕಾದರೆ ಇಂಜೆಕ್ಟರಿನ ವೈರ್ ಬಿಚ್ಚಬೇಕೇ ಹೊರತು, ಓಡುವ ಎಂಜಿನ್‌ನ ಕಾಯಿಲಿಗೆ ಕೈ ಹಾಕಬಾರದು.

ಪ್ಲಗ್ ತೆಗೆಯುವುದಾದರೆ ಎಂಜಿನ್ ಪೂರ್ತಿ ತಣ್ಣಗಾಗಿರಬೇಕು, ಬಾವಿಯ ಕಸವನ್ನು ಗಾಳಿ ಊದಿ ತೆಗೆದಿರಬೇಕು. ಆ ಕಾಲದ ಈ ಎಂಜಿನ್‌ನ ಅಲ್ಯೂಮಿನಿಯಂ ಹೆಡ್ಡಿನಲ್ಲಿ ಪ್ಲಗ್ ಹಿಡಿದಿಡುವ ಮರೆಗಳು ಬಹಳ ಕಡಿಮೆ. ಮರೆ ಸವೆದು ಪ್ಲಗ್ ಸಿಡಿದು ಹೊರಬಂದ ಪ್ರಸಂಗಗಳಿಗೆ ಇದು ಹೆಸರುವಾಸಿ. ಟಾರ್ಕ್ ವ್ರೆಂಚ್ ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು.

ಇಷ್ಟೆಲ್ಲ ಇದ್ದೂ ಎಷ್ಟೋ ಸಲ ದೀಪವೇ ಹೊತ್ತುವುದಿಲ್ಲ. ಗಂಟೆಗೆ 50 ಮೈಲಿ ಆಸುಪಾಸಿನಲ್ಲಿ ಟಾಪ್ ಗೇರ್ ಬಿದ್ದು ಗೇರ್‌ಬಾಕ್ಸಿನ ಟಾರ್ಕ್ ಕನ್ವರ್ಟರ್ ಲಾಕ್ ಆದಾಗ, ಕಡಿಮೆ ಸುತ್ತಿನಲ್ಲಿ ಭಾರ ಪೂರ್ತಿ ಎಂಜಿನ್ ಮೇಲೆ ಬೀಳುತ್ತದೆ. ಆಗ ಸಣ್ಣಗೆ ನಡುಗಿ ಮತ್ತೆ ಸುಮ್ಮನಾದರೆ ಜನ ಗೇರ್‌ಬಾಕ್ಸನ್ನು ದೂರುತ್ತಾರೆ. ಬ್ರೇಕ್ ಪೆಡಲನ್ನು ಮೆಲ್ಲಗೆ ಮುಟ್ಟಿ ಲಾಕ್ ಬಿಡಿಸಿದಾಗ ನಡುಕ ನಿಂತಿತೆಂದರೆ ದೋಷ ಗೇರ್‌ಬಾಕ್ಸಿನದೇ ಎಂಬ ನಂಬಿಕೆ ಇದೆ. ಅದು ಸಾಲದು: ಲಾಕ್ ಬಿಟ್ಟ ಕೂಡಲೇ ಎಂಜಿನ್‌ನ ಸುತ್ತು ಏರಿ, ಪ್ರತಿ ಸಿಲಿಂಡರಿನ ಮೇಲಿನ ಭಾರ ಇಳಿದು ಮಿಸ್ಸಿಂಗ್ ಕೂಡ ನಿಲ್ಲುತ್ತದೆ. ಗೇರ್‌ಬಾಕ್ಸ್ ಬಿಚ್ಚುವ ಮೊದಲು, ಸಿಲಿಂಡರಿಗೊಂದರಂತೆ ಮಿಸ್ಸಿಂಗ್ ಎಣಿಕೆ ತೋರಿಸುವ ಸ್ಕ್ಯಾನರ್ ಹಾಕಿ ಅಂಕಿ ನೋಡಲೇಬೇಕು. ಕೋಡ್ ಆಗುವ ಮೊದಲೇ ಆ ಎಣಿಕೆ ಕಂಪ್ಯೂಟರಿನೊಳಗೆ ಬೆಳೆಯುತ್ತಿರುತ್ತದೆ.

ಕಾಯಿಲ್, ಪ್ಲಗ್, ಇಂಜೆಕ್ಟರ್ ಮೂರೂ ಸರಿಯಿದ್ದರೆ ಉಳಿದದ್ದು ಕಂಪ್ರೆಷನ್ ಅಳತೆ. ಎಂಟರಲ್ಲಿ ಅತಿ ಕಡಿಮೆಯದು ಅತಿ ಹೆಚ್ಚಿನದರ ಮುಕ್ಕಾಲು ಭಾಗವಾದರೂ ಇರಬೇಕೆಂಬುದು ರೂಢಿಯ ಲೆಕ್ಕ. ಅದಕ್ಕಿಂತ ಕೆಳಗಿದ್ದರೆ ವಾಲ್ವೋ ಪಿಸ್ಟನ್ ರಿಂಗೋ, ಎಂಜಿನ್ ಬಿಚ್ಚುವ ಕೆಲಸ.

ನಾಲ್ಕನೆಯ ಸಿಲಿಂಡರನ್ನೇ ಉದಾಹರಣೆಗೆ ತೆಗೆದುಕೊಂಡಿದ್ದಕ್ಕೆ ಕಾರಣವಿದೆ. ಅದು ಬಲಸಾಲಿನ ಕೊನೆಯದು, ಹೀಟರಿಗೆ ಕೂಲೆಂಟ್ ಒಯ್ಯುವ ರಬ್ಬರ್ ಪೈಪಿಗೆ ಹತ್ತಿರದ್ದು. ಪೈಪಿನ ಜೋಡಣೆಯಲ್ಲಿ ಹನಿಹನಿಯಾಗಿ ಸೋರಿದ್ದು ನೇರ ಆ ಪ್ಲಗ್ ಬಾವಿಗೇ ಇಳಿಯಬಹುದು. ಬಾವಿಯಲ್ಲಿ ಬರೀ ನೀರಿದ್ದರೆ ಮಳೆಯದೋ ಎಂಜಿನ್ ತೊಳೆದದ್ದೋ ಇರಬೇಕು. ಒಣಗಿಸಿ, ಬೂಟು ಬದಲಿಸಿ, ತುದಿಗೆ ಸಿಲಿಕೋನ್ ಗ್ರೀಸ್ ಸವರಿದರೆ ಸಾಕು. ಬಣ್ಣವಿದ್ದು ಜಿಡ್ಡಿನಂತಿದ್ದು ಸಿಹಿ ವಾಸನೆ ಬಂದರೆ ಅದು ಕೂಲೆಂಟ್. ಆ ಪೈಪಿನ ಸೋರಿಕೆ ನಿಲ್ಲಿಸದೆ ಹೊಸ ಕಾಯಿಲ್ ಕೂರಿಸಿದರೆ ಅದೂ ಅದೇ ಬಾವಿಯಲ್ಲಿ ಅದೇ ರೀತಿ ಸಾಯುತ್ತದೆ.