ಆರದ ಕೆಂಪು ದೀಪ

ಬ್ರೇಕ್ ರಿಪೇರಿ ಮುಗಿದು ಕಾರು ಗ್ಯಾರೇಜಿನಿಂದ ಮನೆಗೆ ಬಂದಿದೆ. ಸವೆದ ಪ್ಯಾಡ್‌ಗಳ ಜಾಗದಲ್ಲಿ ಹೊಸವು ಕುಳಿತಿವೆ. ಬಿಲ್ಲಿನ ಹಣವೂ ಸಂದಿದೆ. ಆದರೆ ಸ್ಟಿಯರಿಂಗ್ ಎದುರಿನ ಫಲಕದಲ್ಲಿ, ವೃತ್ತದೊಳಗೆ ಆಶ್ಚರ್ಯಸೂಚಕ ಚಿಹ್ನೆ ಇರುವ ಕೆಂಪು ದೀಪ ಮಾತ್ರ ಆರುತ್ತಿಲ್ಲ. ವಿಚಾರಿಸಿದರೆ, ‘ಬರೀ ಸೆನ್ಸರ್ ಪ್ರಾಬ್ಲಮ್ ಸಾರ್, ಓಡಿಸ್ತಾ ಇರಿ, ತಾನೇ ಸರಿಹೋಗುತ್ತೆ’ ಎಂಬ ಸಮಾಧಾನ. ಕೆಲವೆಡೆ ದೀಪದ ವೈರನ್ನೇ ಕಿತ್ತು ಕಳಿಸುವುದೂ ಉಂಟು. ಜ್ವರ ಇಳಿಯಲಿಲ್ಲವೆಂದು ಥರ್ಮಾಮೀಟರನ್ನೇ ಎಸೆದ ಹಾಗೆ!

ಆರದ ದೀಪ ಒಂದು ಪ್ರಶ್ನೆ. ಅದರ ಉತ್ತರ ಹುಡುಕಲು ಮೆಕ್ಯಾನಿಕ್ ಆಗಿರಬೇಕೆಂದೇನಿಲ್ಲ. ಹೈಸ್ಕೂಲಿನಲ್ಲಿ ಕಲಿತ ವಿಜ್ಞಾನ, ಜೊತೆಗೆ ಒಂದೊಂದೇ ಕಾರಣವನ್ನು ಪರೀಕ್ಷಿಸಿ ಬದಿಗಿಡುವ ತಾಳ್ಮೆ ಇದ್ದರೆ ಬಹಳ ದೂರ ಹೋಗಬಹುದು.

ದೀಪಕ್ಕೆ ಗೊತ್ತಿರುವುದೆಷ್ಟು?

ಈ ದೀಪ ಬ್ರೇಕನ್ನು ನೇರವಾಗಿ ನೋಡುವುದಿಲ್ಲ. ಸಾಮಾನ್ಯ ಕಾರುಗಳಲ್ಲಿ ಅದು ಮುಖ್ಯವಾಗಿ ಎರಡು ಸ್ವಿಚ್‌ಗಳ ಮಾತು ಕೇಳುತ್ತದೆ. ಒಂದು, ಹ್ಯಾಂಡ್ ಬ್ರೇಕ್ ಹಿಡಿಯ ಬುಡದಲ್ಲಿದೆ. ಇನ್ನೊಂದು, ಬಾನೆಟ್ ಕೆಳಗಿನ ಬ್ರೇಕ್ ಆಯಿಲ್ ಡಬ್ಬಿಯಲ್ಲಿದೆ. ಡಬ್ಬಿಯೊಳಗೆ ತೇಲುವ ಒಂದು ಬಿರಡೆಯಂಥ ವಸ್ತುವಿರುತ್ತದೆ. ಆಯಿಲ್ ಮಟ್ಟ ಇಳಿದರೆ ಅದೂ ಇಳಿಯುತ್ತದೆ. ಆಗ ವಿದ್ಯುನ್ಮಂಡಲ ಪೂರ್ಣಗೊಂಡು ದೀಪ ಹೊತ್ತಿಕೊಳ್ಳುತ್ತದೆ. ಕೀಲಿ ತಿರುಗಿಸಿದಾಗ ದೀಪ ಉರಿದು, ಎಂಜಿನ್ ಚಾಲೂ ಆದ ಮೇಲೆ ಆರುವುದು ಸಹಜ. ದೀಪ ಸರಿಯಿದೆಯೇ ಎಂದು ಕಾರು ತಾನೇ ಮಾಡಿಕೊಳ್ಳುವ ಪರೀಕ್ಷೆ ಅದು.

ಮೊದಲು ಸುಲಭದ ಕಾರಣ ನೋಡೋಣ. ಹ್ಯಾಂಡ್ ಬ್ರೇಕ್ ಪೂರ್ತಿ ಇಳಿದಿದೆಯೇ? ಹಿಡಿಯನ್ನು ಕೈಯಿಂದ ಇನ್ನಷ್ಟು ಕೆಳಕ್ಕೆ ಒತ್ತಿದಾಗ ದೀಪ ಆರಿದರೆ ಕಾರಣ ಸಿಕ್ಕಿತು. ಅದರ ಕೇಬಲ್ ಅಥವಾ ಸ್ವಿಚ್ಚನ್ನು ಸರಿಪಡಿಸಬೇಕು. ಕೇಬಲ್ ಅತಿ ಬಿಗಿಯಾಗಿದ್ದರೆ ಹಿಂದಿನ ಚಕ್ರಗಳು ಉಜ್ಜುತ್ತಲೇ ತಿರುಗಿ ಬಿಸಿಯೇರುತ್ತವೆ.

ಎರಡನೆಯದು ಆಯಿಲ್ ಮಟ್ಟ. ಇಲ್ಲೊಂದು ಸೂಕ್ಷ್ಮವಿದೆ. ಪ್ಯಾಡ್ ಸವೆದಂತೆ ಅದನ್ನು ಒತ್ತುವ ಪಿಸ್ಟನ್ ಮುಂದಕ್ಕೆ ಬರುತ್ತದೆ. ಅದರ ಹಿಂದೆ ತೆರವಾದ ಜಾಗವನ್ನು ಡಬ್ಬಿಯ ಆಯಿಲ್ ತುಂಬುತ್ತದೆ. ಹಾಗಾಗಿ ಸೋರಿಕೆ ಇಲ್ಲದಿದ್ದರೂ ಮಟ್ಟ ನಿಧಾನವಾಗಿ ಇಳಿಯುತ್ತದೆ. ದಪ್ಪನೆಯ ಹೊಸ ಪ್ಯಾಡ್ ಕೂರಿಸಲು ಪಿಸ್ಟನ್ನನ್ನು ಹಿಂದಕ್ಕೆ ತಳ್ಳಲೇಬೇಕು. ಆಗ ಆಯಿಲ್ ಡಬ್ಬಿಗೆ ಮರಳಿ ಮಟ್ಟ ಏರಬೇಕು.

ಅಂದರೆ, ರಿಪೇರಿಗೆ ಮುಂಚೆ ಮಟ್ಟ ಇಳಿದಿದ್ದರೆ ‘ಪ್ಯಾಡ್ ಸವೆದಿದೆ’ ಎಂಬ ವಿವರಣೆ ಸಾಕಾಗುತ್ತಿತ್ತು. ಹೊಸ ಪ್ಯಾಡ್ ಹಾಕಿದ ಮೇಲೂ ಮಟ್ಟ ಕೆಳಗೇ ಇದ್ದರೆ ಆ ವಿವರಣೆ ಬಿದ್ದುಹೋಯಿತು. ಕೆಲಸದ ವೇಳೆ ಹೊರಬಿಟ್ಟ ಆಯಿಲನ್ನು ಮತ್ತೆ ತುಂಬಿಲ್ಲ, ಇಲ್ಲವೇ ಎಲ್ಲೋ ಸೋರುತ್ತಿದೆ. ಅದೇ ದೀಪ, ಅದೇ ಮಟ್ಟ; ಆದರೆ ರಿಪೇರಿಯ ನಂತರ ಅರ್ಥ ಬೇರೆ, ಅಪಾಯ ಹೆಚ್ಚು.

ಈ ಎರಡರಲ್ಲಿ ಯಾವುದು? ಮುಚ್ಚಳದ ಮೇಲೆ ನಮೂದಿಸಿರುವ ದರ್ಜೆಯ ಆಯಿಲನ್ನೇ ಮೇಲಿನ ಗೆರೆಯವರೆಗೆ ತುಂಬಿಸಿ, ಕಾರನ್ನು ಓಡಿಸದೆ ಪೆಡಲನ್ನು ಹಲವು ಸಲ ಒತ್ತಿ. ನಾಲ್ಕೂ ಚಕ್ರಗಳ ಬಳಿ ಹಳೆಯ ಪತ್ರಿಕೆ ಹಾಸಿ ರಾತ್ರಿ ಬಿಡಿ. ಬೆಳಿಗ್ಗೆ ಕಾಗದ ಒದ್ದೆಯಾಗಿದ್ದರೆ, ಮಟ್ಟ ಇಳಿದಿದ್ದರೆ, ಅಥವಾ ಒತ್ತಿ ಹಿಡಿದ ಪೆಡಲು ಮೆಲ್ಲನೆ ಕೆಳಗಿಳಿಯುತ್ತಿದ್ದರೆ ಕಾರು ಅಲ್ಲಿಂದ ಕದಲಬಾರದು. ತಿರುವಿನಲ್ಲಿ ಮಾತ್ರ ದೀಪ ಮಿನುಗುವುದೂ ಒಂದು ಸೂಚನೆಯೇ. ಮಟ್ಟ ಅಂಚಿನಲ್ಲಿದೆ, ಆಯಿಲ್ ತುಳುಕಿದಾಗ ತೇಲುವ ಬಿರಡೆ ಇಳಿಯುತ್ತಿದೆ ಎಂದರ್ಥ.

ಮಟ್ಟ ಸರಿಯಿದೆ, ಹ್ಯಾಂಡ್ ಬ್ರೇಕೂ ಇಳಿದಿದೆ, ಆದರೂ ದೀಪ ಉರಿಯುತ್ತಿದೆಯೇ? ಈಗ ಮಾತ್ರ ಸ್ವಿಚ್ಚು, ವೈರುಗಳ ಮೇಲೆ ಸಂದೇಹ ಪಡುವುದು ನ್ಯಾಯ. ಪ್ಯಾಡಿನಲ್ಲೇ ಸವೆತ ತಿಳಿಸುವ ವೈರು ಇರುವ ಕಾರುಗಳೂ ಇವೆ. ತುಂಡಾದ ಹಳೆಯ ವೈರನ್ನೇ ಹೊಸ ಪ್ಯಾಡಿಗೆ ಸಿಕ್ಕಿಸಿದರೆ ಎಚ್ಚರಿಕೆ ದೀಪ ಆರುವುದಿಲ್ಲ. ‘ಸೆನ್ಸರ್ ಪ್ರಾಬ್ಲಮ್’ ಎಂಬುದು ಕೊನೆಯ ತೀರ್ಮಾನವಾಗಬೇಕು, ಮೊದಲ ಊಹೆಯಲ್ಲ.

ಹಳದಿ ದೀಪದ ಮಾತು

ಎಬಿಎಸ್ ಎಂದು ಬರೆದ ಹಳದಿ ದೀಪದ ಕಥೆ ಬೇರೆ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ತಿರುಗುವುದು ನಿಂತು ಜಾರದಂತೆ ತಡೆಯುವ ಈ ವ್ಯವಸ್ಥೆ, ಭಾರತದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಕಡ್ಡಾಯ. ಚಕ್ರದ ಬಳಿಯ ಸೆನ್ಸರ್, ಹಲ್ಲಿನ ಉಂಗುರವನ್ನೋ ಕಾಂತೀಯ ಉಂಗುರವನ್ನೋ ಗಮನಿಸಿ ವೇಗ ಅಳೆಯುತ್ತದೆ. ರಿಪೇರಿಯ ನಂತರ ಈ ದೀಪ ಉರಿದರೆ ಕೈಯಾಡಿಸಿದ ಚಕ್ರವನ್ನೇ ಮೊದಲು ನೋಡಬೇಕು: ಸಿಕ್ಕಿಸಲು ಮರೆತ ಕನೆಕ್ಟರ್, ಎಳೆದು ತುಂಡಾದ ವೈರು, ಸೆನ್ಸರ್ ತುದಿಯಲ್ಲಿ ಕೂತ ತುಕ್ಕು. ಕಾಂತೀಯ ಉಂಗುರವಿರುವ ಬೇರಿಂಗನ್ನು ತಿರುಗುಮುರುಗಾಗಿ ಕೂರಿಸಿದರೂ ಸೆನ್ಸರ್‌ಗೆ ಏನೂ ಕಾಣದು. ದೋಷ ಸರಿಪಡಿಸಿದ ಮೇಲೂ ಕೆಲವು ಕಾರುಗಳ ಕಂಪ್ಯೂಟರು ಅದನ್ನು ನೆನಪಿಟ್ಟಿರುತ್ತದೆ. ಸ್ಕ್ಯಾನರ್ ಜೋಡಿಸಿ ಅಳಿಸಬೇಕಾಗುತ್ತದೆ.

ಹಳದಿ ದೀಪವೊಂದೇ ಉರಿದರೆ ಸಾಮಾನ್ಯ ಬ್ರೇಕು ಉಳಿದಿರುತ್ತದೆ. ಕೆಂಪು, ಹಳದಿ ಎರಡೂ ಒಟ್ಟಿಗೆ ಉರಿದರೆ ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬಲ ಹಂಚುವ ವ್ಯವಸ್ಥೆಯೂ ಕೈಕೊಟ್ಟಿರಬಹುದು. ಅಂಥ ಕಾರನ್ನು ಓಡಿಸದೆ, ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯಬೇಕು.

ದೀಪ ಆರಿದರೆ ಸಾಕೇ?

ವಿದ್ಯಾರ್ಥಿಗಳು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಸೂಜಿಯಿಲ್ಲದ ಎರಡು ಹೊಸ ಸಿರಿಂಜ್‌ಗಳನ್ನು ಸಣ್ಣ ಪ್ಲಾಸ್ಟಿಕ್ ಕೊಳವೆಯಿಂದ ಜೋಡಿಸಿ ನೀರು ತುಂಬಿ. ಒಂದನ್ನು ಒತ್ತಿದ ಕೂಡಲೇ ಇನ್ನೊಂದು ಮೇಲೇಳುತ್ತದೆ. ಇದೇ ಪ್ಯಾಸ್ಕಲ್‌ನ ನಿಯಮ, ಇದೇ ಕಾರಿನ ಬ್ರೇಕು. ಈಗ ಕೊಳವೆಯೊಳಗೆ ಸ್ವಲ್ಪ ಗಾಳಿ ಬಿಟ್ಟು, ಎರಡನೆಯ ಸಿರಿಂಜನ್ನು ಬೆರಳಿನಿಂದ ಅದುಮಿ ಹಿಡಿದು ನೋಡಿ. ನಿಮ್ಮ ಒತ್ತಡವೆಲ್ಲ ಗಾಳಿಯನ್ನು ಕುಗ್ಗಿಸುವುದರಲ್ಲೇ ಕಳೆದುಹೋಗುತ್ತದೆ. ರಿಪೇರಿಯ ನಂತರ ಪೆಡಲು ಸ್ಪಂಜಿನಂತೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಉಳಿದಿದೆ ಎಂದೇ ಶಂಕಿಸಬೇಕು. ಡಬ್ಬಿ ತುಂಬಿದ್ದರೆ ಕೆಂಪು ದೀಪ ಇದನ್ನು ತಿಳಿಸುವುದೇ ಇಲ್ಲ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವುದೂ ದೀಪಕ್ಕೆ ತಿಳಿಯದು. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ಮಾನದಂಡ; ತೇವ ಹೀರಿದ ಮೇಲೆ ಆ ಮಿತಿ 140 ಡಿಗ್ರಿ. ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಒತ್ತಿಯೇ ಹಿಡಿದ ಬ್ರೇಕು ಕಾದು ಆಯಿಲ್ ಕುದಿದರೆ, ಹುಟ್ಟಿದ ಆವಿ ಸಿರಿಂಜಿನ ಗಾಳಿಯಂತೆಯೇ ವರ್ತಿಸುತ್ತದೆ.

ಪಾಲಕರು ಗ್ಯಾರೇಜಿನಿಂದ ಕಾರು ಬಿಡಿಸಿಕೊಳ್ಳುವಾಗ ಎರಡು ನಿಮಿಷ ವ್ಯಯಿಸಿದರೆ ಸಾಕು. ಡಬ್ಬಿಯ ಗೆರೆ ನೋಡಿ, ಪೆಡಲು ಒತ್ತಿ ಹಿಡಿಯಿರಿ. ಬಳಿಕ ಕೀಲಿ ತಿರುಗಿಸಿ ಎಲ್ಲ ದೀಪಗಳೂ ಒಮ್ಮೆ ಹೊತ್ತಿ ಆರುತ್ತವೆಯೇ ಎಂದು ಮಕ್ಕಳಿಗೂ ತೋರಿಸಿ. ಬ್ರೇಕಿನ ದೀಪ ಹೊತ್ತಿ ಆರದಿದ್ದರೆ ಕಾರಣ ಹುಡುಕಬೇಕು. ಒಮ್ಮೆಯೂ ಹೊತ್ತದಿದ್ದರೆ, ಅದರ ಬಾಯಿ ಕಟ್ಟಿದವರು ಯಾರೆಂದು ಅಲ್ಲೇ ನಿಂತು ಕೇಳಬೇಕು.