ಏರುವಾಗ ನಿಧಾನ, ಇಳಿಯುವಾಗ ಜೋರು

ಎದೆಯಲ್ಲಿ ‘ಮಷಿನ್’, ಅಂದರೆ ಪೇಸ್‌ಮೇಕರ್, ಕೂಡಿಸಿಕೊಂಡ ಹಿರಿಯರೊಬ್ಬರು ಮಸ್ಕಿಯ ಮಲ್ಲಿಕಾರ್ಜುನ ಬೆಟ್ಟ ಹತ್ತುತ್ತಿದ್ದಾರೆ ಎಂದುಕೊಳ್ಳಿ. ಅರ್ಧ ದಾರಿಗೇ ದಮ್ಮು ಬಂದು ಕಾಲು ಸೋಲುತ್ತವೆ. ಇಳಿಯುವಾಗ ನೋಡಿದರೆ ಎದೆ ಡವಡವ. ‘ವಯಸ್ಸಾತಲ್ಲ’ ಎನ್ನುತ್ತಾರೆ ಮನೆಯವರು. ಆದರೆ ವಯಸ್ಸೊಂದೇ ಕಾರಣ ಆಗಬೇಕಿಲ್ಲ.

ಮೈ ದುಡಿದಂತೆ ಹೃದಯದ ಬಡಿತ ಏರಬೇಕು. ಆ ಶಕ್ತಿ ಕಳೆದುಕೊಂಡ ಹೃದಯದಲ್ಲಿ ಪೇಸ್‌ಮೇಕರೇ ಬಡಿತ ಏರಿಸಬೇಕು. ಮೈ ದುಡಿಯುತ್ತಿದೆಯೆಂದು ಅದಕ್ಕೆ ತಿಳಿಯುವುದು ಹೇಗೆ? ಬಹಳಷ್ಟು ಪೇಸ್‌ಮೇಕರ್‌ಗಳಲ್ಲಿ, ಮೊಬೈಲಿನಲ್ಲಿ ಹೆಜ್ಜೆ ಎಣಿಸುವಂಥದೇ ಒಂದು ಸೆನ್ಸರ್ ಇರುತ್ತದೆ. ಅದು ಅಳೆಯುವುದು ಮೈಯ ಅಲುಗಾಟವನ್ನು, ದಣಿವನ್ನಲ್ಲ. ಮೆಟ್ಟಿಲೇರುವಾಗ ದುಡಿಮೆ ಹೆಚ್ಚು, ಕುಲುಕಾಟ ಕಡಿಮೆ. ಇಳಿಯುವಾಗ ಪ್ರತಿ ಹೆಜ್ಜೆಗೂ ಮೈ ಧಡಕ್ಕೆನ್ನುತ್ತದೆ. ಹೀಗಾಗಿ ಸೆನ್ಸರ್ ಲೆಕ್ಕ ತಪ್ಪುತ್ತದೆ. ಲಿಂಗಸುಗೂರಿನ ಬಸ್ಸಿನಲ್ಲಿ ಸುಮ್ಮನೆ ಕೂತವರಿಗೂ ಕುಲುಕಾಟಕ್ಕೆ ಬಡಿತ ಏರಬಹುದು. ಸಿಂಧನೂರಿನ ಗದ್ದೆಯಲ್ಲಿ ಸೊಂಟ ಬಗ್ಗಿಸಿ ನಾಟಿ ಹಚ್ಚುವವರಿಗೆ ಏರದೇ ಉಳಿಯಬಹುದು. ಉಸಿರಾಟವನ್ನೂ ಅಳೆಯುವ ಪೇಸ್‌ಮೇಕರ್‌ಗಳು ಈ ವಿಷಯದಲ್ಲಿ ಮೇಲು.

ಇನ್ನೊಂದು ತೊಡಕು, ಹೃದಯದ ಸ್ವಂತ ಬಡಿತವನ್ನು ಕೇಳಿಸಿಕೊಳ್ಳುವುದರಲ್ಲಿ. 1958ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಆರ್ನೆ ಲಾರ್ಸನ್ ಅವರಿಗೆ ಮೊದಲ ಬಾರಿ ಪೇಸ್‌ಮೇಕರನ್ನು ದೇಹದೊಳಗೆ ಅಳವಡಿಸಿದಾಗ ಅದಕ್ಕೆ ಕಿವಿಯೇ ಇರಲಿಲ್ಲ. ಒಂದೇ ತಾಳದಲ್ಲಿ ಬಡಿಸುತ್ತಿತ್ತು, ಅಷ್ಟೆ. ಈಗಿನವು ಕೆಲವೇ ಮಿಲಿವೋಲ್ಟ್‌ಗಳ ಸಂಕೇತವನ್ನು ಆಲಿಸಿ, ಹೃದಯ ತಾನೇ ಬಡಿದರೆ ಸುಮ್ಮನಿರುತ್ತವೆ. ಹೃದಯಕ್ಕೆ ಜೋಡಿಸಿದ ವೈರು ಸರಿದರೆ ಆ ಬಡಿತ ಕೇಳಿಸದೆ ಅನಗತ್ಯವಾಗಿ ಬಡಿಸುತ್ತವೆ. ವೈರು ಒಳಗೇ ಮುರಿದರೆ ಅಥವಾ ಶಾಕ್ ಹೊಡೆಯುವ ಪಂಪ್‌ಸೆಟ್ ಮುಟ್ಟಿದರೆ, ಆ ಗದ್ದಲವನ್ನೇ ಬಡಿತವೆಂದು ತಿಳಿದು ಸುಮ್ಮನಾಗುವುದೂ ಉಂಟು. ಇದು ಹೆಚ್ಚು ಅಪಾಯ: ಕಣ್ಣು ಕತ್ತಲಿಟ್ಟರೆ, ಎಚ್ಚರ ತಪ್ಪಿದರೆ ಮುಂದಿನ ತಪಾಸಣೆಯ ದಿನ ಕಾಯದೆ ಆಸ್ಪತ್ರೆಗೆ ಹೋಗಲೇಬೇಕು.

ಬರೀ ದಣಿವಿದ್ದರೂ ಸಹಿಸಿಕೊಂಡು ಕೂಡಬೇಡಿ. ಹೊಲದ ಕೆಲಸ ಬಿಟ್ಟು ಕಲಬುರಗಿಯ ಜಯದೇವ ಆಸ್ಪತ್ರೆಯವರೆಗೆ ಹೋಗಿಬರುವುದು ಸುಲಭವಲ್ಲ, ಬಲ್ಲೆ. ಆದರೂ ಹೋಗಿ, ಯಾವ ಕೆಲಸಕ್ಕೆ ದಮ್ಮು ಬರುತ್ತದೆ, ಹತ್ತುವಾಗಲೋ ಇಳಿಯುವಾಗಲೋ ಎಂದು ಬಿಡಿಸಿ ಹೇಳಿ. ಎಷ್ಟು ಹೊತ್ತು ಯಾವ ವೇಗದಲ್ಲಿ ಬಡಿತ ನಡೆಯಿತೆಂಬ ಲೆಕ್ಕ ಪೇಸ್‌ಮೇಕರ್‌ನಲ್ಲೇ ದಾಖಲಾಗಿರುತ್ತದೆ. ದಿನವಿಡೀ ಗದ್ದೆಯಲ್ಲಿ ದುಡಿದವರ ಬಡಿತವೂ ಅರವತ್ತು–ಎಪ್ಪತ್ತರಲ್ಲೇ ನಿಂತಿದ್ದರೆ ವೈದ್ಯರಿಗೆ ಸುಳಿವು ಸಿಕ್ಕಂತೆ. ಆಗ ಅವರು ಚರ್ಮದ ಮೇಲಿಂದಲೇ, ಕತ್ತರಿ ಹಾಕದೆ, ಸೆಟ್ಟಿಂಗ್ ಬದಲಿಸಿ, ಆಸ್ಪತ್ರೆಯ ಮೆಟ್ಟಿಲನ್ನೇ ಒಮ್ಮೆ ಹತ್ತಿಸಿ ನೋಡಬಹುದು.